ನಾಲ್ಕು ಜನ ನೋಡಬೇಕು

ಹಳೆಯ ಧೋತರದ ತುಂಡನ್ನು ಬೆರಳಿಗೆ ಸುತ್ತಿಕೊಂಡು ಫೋನುಗಳ ಕ್ಯಾಮೆರಾ ಕಣ್ಣು ಒರೆಸುತ್ತ ಕೂತಿದ್ದೆ. ಬಾಯಿಯಿಂದ ಹಬೆ ಬಿಡುವುದು, ನಡುವಿನಿಂದ ಅಂಚಿಗೆ ಸುತ್ತಿಸಿ ಒರೆಸುವುದು, ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಮಗ್ಗುಲಿಗೆ ಇಡುವುದು. ಎದುರಿಗೆ ಪರಸಪ್ಪ ಮಾಮಾ ತಂತಿಗೆ ಬೆಸುಗೆ ಹಾಕುತ್ತಿದ್ದ. ಅವನ ಬಾಯಲ್ಲಿ ಇನ್ನೊಂದು ತಂತಿಯ ತುದಿ ಇತ್ತು, ನನ್ನ ಬಾಯಲ್ಲಿ ಮಾತಿರಲಿಲ್ಲ. ಒಳಕೋಣೆಯಲ್ಲಿ ಲೀಲಕ್ಕ ಮಲಗಿದ್ದಳು. ಅವಳಿಗೆ ಏಳು ತಿಂಗಳು ತುಂಬಿತ್ತು.

ಫೋನುಗಳು ನಾಲ್ಕು. ಎಲ್ಲವೂ ಸಂತೆಯಲ್ಲಿ ಕೊಂಡ ಹಳೆಯವು, ಮೈಗೆ ಬಿರುಕು, ಕಣ್ಣು ಮಾತ್ರ ಚೊಕ್ಕ. ಅವನ್ನು ನಿಲ್ಲಿಸಲು ಹಗುರ ಅಲ್ಯುಮಿನಿಯಂ ಕಾಲುಗಳು. ಅಜ್ಜಿಯ ತಗಡಿನ ಟ್ರಂಕಿನೊಳಗೆ ಆಟೋದ ಬ್ಯಾಟರಿ, ಅದರ ಪಕ್ಕ ಅಂಗೈಯಷ್ಟು ದೊಡ್ಡ, ಕಂಪ್ಯೂಟರಿನ ಹಸಿರು ಹಲಗೆ, ಟ್ರಂಕಿನ ಮುಚ್ಚಳದ ಒಳಮೈಗೆ ಅಂಟಿಸಿದ ಪರದೆ. ತಂತಿಗಳು ಗೋಜಲಾಗಬಾರದೆಂದು ನಾನು ಒಂದಕ್ಕೆ ಕೆಂಪು, ಒಂದಕ್ಕೆ ಹಳದಿ, ಹಸಿರು, ನೀಲಿ ಟೇಪು ಸುತ್ತಿದ್ದೆ. ಗಾಳಿಯಲ್ಲೇ ಚಿತ್ರ ಕಳಿಸಬಹುದಿತ್ತು. ಆದರೆ ಮದುವೆ ಮನೆಯ ಗದ್ದಲದಲ್ಲಿ ಗಾಳಿಯ ಚಿತ್ರ ತಡವಾಗಿ ಬರುತ್ತದೆ, ನಾಲ್ಕರಲ್ಲಿ ಒಂದು ತಡವಾದರೂ ಸಾಕ್ಷಿ ಕೆಡುತ್ತದೆ ಎಂದು ಮಾಮಾ ತಂತಿಯನ್ನೇ ನಂಬಿದ್ದ.

ಒಂದೇ ಕ್ಯಾಮೆರಾದ ಚಿತ್ರವನ್ನು ಯಾರೂ ನಂಬದ ಕಾಲ ಅದು. ಸತ್ತವರು ಎದ್ದು ಬಂದು ಆಣೆ ಮಾಡುವ, ಊರಲ್ಲಿಲ್ಲದವರು ಬಂದು ಕಲ್ಲೆಸೆಯುವ ವಿಡಿಯೋಗಳನ್ನು ಶಾಲೆಯ ಹುಡುಗರೂ ಆಟಕ್ಕೆ ಮಾಡುತ್ತಿದ್ದರು. ಅದಕ್ಕೆ ಹೊಸ ಕಾಯ್ದೆ ಬಂತು. ನಾಲ್ಕು ಮೂಲೆಯ ನಾಲ್ಕು ಕಣ್ಣು ಒಂದೇ ಗಳಿಗೆಗೆ ಒಂದೇ ಸಂಗತಿಯನ್ನು ಕಂಡರೆ ಮಾತ್ರ ಅದು ನಡೆದದ್ದು. ಮದುವೆ, ಪಾಲು, ನಾಮಕರಣ ಎಲ್ಲಕ್ಕೂ ಇದೇ ಸಾಕ್ಷಿ. ಬಸ್ಸಿನಲ್ಲಿ, ಅಂಗನವಾಡಿಯಲ್ಲಿ, ಆಸ್ಪತ್ರೆಯಲ್ಲಿ ಕಣ್ಣುಗಳನ್ನು ಗೋಡೆಗೇ ನೆಟ್ಟರು. ಕಾಯ್ದೆಯಲ್ಲಿ ಅದಕ್ಕೆ ಏನೋ ದೊಡ್ಡ ಹೆಸರಿತ್ತು. ನಮ್ಮ ಬೆಣಚಮಟ್ಟಿಯ ಹೆಂಗಸರು ಅದನ್ನು ‘ನಾಲ್ಕು ಜನ’ ಎಂದು ಕರೆದರು. ‘ನಾಲ್ಕು ಜನ ನೋಡಿದರೆ ಏನಂದಾರು’ ಎಂದು ಹೆದರಿಕೊಂಡೇ ಬೆಳೆದವರಿಗೆ ಬೇರೆ ಹೆಸರು ಬೇಕಾಗಲಿಲ್ಲ.

ಮಾಮಾ ಮೊದಲಿನಿಂದ ಮದುವೆ ವಿಡಿಯೋ ತೆಗೆಯುವವನು. ದೊಡ್ಡ ಸ್ಟುಡಿಯೋದವರ ಸಾಕ್ಷಿ ಪೆಟ್ಟಿಗೆ ಎತ್ತಲು ಇಬ್ಬರು ಆಳು ಬೇಕು. ಒಬ್ಬ ಮನುಷ್ಯ ಹೆಗಲ ಮೇಲೆ ಹೊತ್ತು ಓಣಿಯೊಳಗೆ ಹೋಗುವಂಥದ್ದನ್ನು ಕಟ್ಟಬೇಕೆಂಬುದು ಅವನ ಹಟ. ಅದು ಆ ದಿನ ಮುಗಿಯಿತು.

“ಏ ಕಲ್ಲೂ, ನಡುವ ನಿಂತು ಒಂದು ಚಪ್ಪಾಳಿ ಹೊಡಿ,” ಎಂದ.

ಹೊಡೆದೆ. ನಾಲ್ಕು ಕಣ್ಣಿಗೂ ಆ ಚಪ್ಪಾಳೆ ಬಿದ್ದ ಗಳಿಗೆ ಒಂದೇ ಎಂದು ಪೆಟ್ಟಿಗೆ ಹೊಂದಿಸಿಕೊಂಡಿತು. ಪರದೆಯ ಮೇಲೆ ನಾನು ನಾಲ್ಕು ಕಡೆಯಿಂದ ನಿಂತಿದ್ದೆ.

“ಒಂದು ಆಕೃತಿ. ದೃಢಪಟ್ಟಿದೆ,” ಎಂದಿತು ಪೆಟ್ಟಿಗೆ. ಹೆಣ್ಣಿನ ದನಿ, ತೊಳೆದಿಟ್ಟಂಥ ಪುಸ್ತಕದ ಕನ್ನಡ.

“ಕೇಳಿದಿ? ನೀ ಅದೀ ಅಂತ ದೃಢಾ ಆತು,” ಎಂದು ಮಾಮಾ ನಕ್ಕ. “ಇಷ್ಟು ದಿನ ನಮಗ ಡೌಟ್ ಇತ್ತು. ದನಿನೇ ಇಲ್ಲಲ್ಲ ಹುಡುಗಿ ನಿಂದು.”

ಮಾತಾಡುವ ಆ ಹಸಿರು ಹಲಗೆಯನ್ನು ಮಾಮಾ ಹೊರಗಿನಿಂದ ತರಿಸಿದ್ದ. ಅದಕ್ಕೆ ಬಾಯಿಮಾತಿನಲ್ಲೇ ಹೇಳಬಹುದು. ಹತ್ತಿರ ತಾ, ದೂರ ಹೋಗು, ಕೆಂಪು ತಂತಿಯ ಕಣ್ಣು ತೋರಿಸು.

ಲೀಲಕ್ಕನ ಕುಬಸದ, ಎಂದರೆ ಸೀಮಂತದ ದಿನ ಮೊದಲ ಸಾಕ್ಷಿ ನಮ್ಮ ಮನೆಯದೇ ಆಗಲಿ ಎಂದು ಮಾಮಾ ಪೆಟ್ಟಿಗೆ ಹೂಡಿದ. ಅಕ್ಕನ ಗಂಡ ಮಹಾಂತೇಶ ಲಾರಿಯ ಮೇಲೆ ದೂರದ ಸೀಮೆಗೆ ಹೋಗಿದ್ದ. ಅವನಿಗೂ ನೇರ ಕಾಣಲಿ ಎಂಬ ಆಸೆ. ಪಡಸಾಲೆಯ ನಾಲ್ಕು ಮೂಲೆಗೆ ನಾಲ್ಕು ಕಾಲು ನಿಂತವು. ನಡುವೆ ಕುರ್ಚಿಯ ಮೇಲೆ ಹಸಿರು ಸೀರೆ, ಹಸಿರು ಬಳೆ ತೊಟ್ಟು ಅಕ್ಕ ಕೂತಳು. ಮುತ್ತೈದೆಯರು ಕುಬಸದ ಬಟ್ಟೆ ಹಿಡಿದು ಸುತ್ತ ನಿಂತರು. ನಾನು ಟ್ರಂಕಿನ ಮುಂದೆ ಕೂತು ಪರದೆ ನೋಡುತ್ತಿದ್ದೆ. ಮಾಮಾ ಪೆಟ್ಟಿಗೆಯೊಡನೆ ಮಾತಾಡುವ ಯಂತ್ರ ಕಿವಿಗೆ ಸಿಕ್ಕಿಸಿಕೊಂಡು ಹುಡುಗನ ಹಾಗೆ ಓಡಾಡುತ್ತಿದ್ದ.

“ಪರಸಪ್ಪಾ, ನಿನ್ನ ಟ್ರಂಕಿನ್ಯಾಗ ನಾವೆಲ್ಲಾ ಹಿಡಿಸ್ತೀವೇನೋ?” ಎಂದಳು ಎದುರುಮನೆಯ ಗೌರತ್ತೆ.

“ನೀ ಒಬ್ಬಾಕಿ ಬಿಟ್ಟು ಎಲ್ಲಾರೂ ಹಿಡಿಸ್ತಾರ, ಅತ್ತಿ.”

ಎಲ್ಲರೂ ನಕ್ಕರು. ಆರತಿ ತಟ್ಟೆ ಬಂತು. ಮಾಮಾ ಯಂತ್ರದೊಳಗೆ ಹೇಳಿದ, “ನಡುವ ಕುಂತಾಳಲ್ಲ, ಹಸರ ಸೀರಿ, ಅಕಿನ್ನ ತೆಗಿ.”

“ಹಸಿರು ಸೀರೆಯ ಆಕೃತಿ. ಯಾವ ಕಡೆಯಿಂದ ತೆಗೆಯಬೇಕು?”

“ಎಲ್ಲಾ ಕಡಿಂದ ತೆಗಿ. ಚಂದಂಗ ತೆಗಿ.”

“ಎಲ್ಲಾ ಕಡೆಯಿಂದ. ಖಚಿತವೇ?”

“ಖಚಿತವ್ವಾ ತಾಯಿ, ಖಚಿತ! ಆರತಿ ಮುಗೀತೈತಿ, ಲಗೂನ ತೆಗಿ!”

ಇಪ್ಪತ್ತು ವರ್ಷದಿಂದ ಮದುವೆ ಮನೆಗಳಲ್ಲಿ ಅವನು ಹೀಗೇ ಕೂಗಿದ್ದ. ಮದುಮಗಳನ್ನು ತೆಗಿ, ಬೀಗರನ್ನು ತೆಗಿ, ಆ ಮುದುಕಿಯನ್ನು ಒಂದು ತೆಗಿ. ಕ್ಯಾಮೆರಾ ಹಿಡಿದ ಎಲ್ಲ ಹುಡುಗರಿಗೂ ತಿಳಿಯುತ್ತಿತ್ತು.

ಪರದೆಯ ಮೇಲೆ ಅಕ್ಕ ಇಲ್ಲವಾದಳು. ಅಳಿಸಿದ ಕಲೆಯೂ ಉಳಿಯಲಿಲ್ಲ. ಅವಳ ಬೆನ್ನ ಹಿಂದೆ ಏನಿದೆಯೆಂದು ಪೆಟ್ಟಿಗೆಗೆ ಉಳಿದ ಕಣ್ಣುಗಳಿಂದ ಗೊತ್ತಿತ್ತು. ಕುರ್ಚಿಯ ಬೆನ್ನಿನ ಹೆಣಿಗೆ, ಗೋಡೆಯ ಸುಣ್ಣ, ಗೂಡಿನ ದೀಪ ಎಲ್ಲ ಹೇಗಿತ್ತೋ ಹಾಗೆ ತುಂಬಿಕೊಂಡಿತು. ಐದು ಮಂದಿ ಹೆಂಗಸರು ಹಾಡುತ್ತ ಖಾಲಿ ಕುರ್ಚಿಗೆ ಆರತಿ ಎತ್ತುತ್ತಿದ್ದರು.

“ಮಾಮಾ,” ಎಂದೆ. “ಅಕ್ಕ ಹೋದ್ಲು.”

“ಎಲ್ಲಿಗಿ ಹೋಗ್ತಾಳ, ಇಲ್ಲೇ ಕುಂತಾಳಲ್ಲ.”

“ಇದರಾಗ ಇಲ್ಲ.”

ಅವನು ಬಗ್ಗಿ ನೋಡಿದ. ಹೆಂಗಸರೂ ಬಂದು ಬಗ್ಗಿದರು. “ಅಯ್ಯ, ಕುರ್ಚಿಗಿ ಕುಬಸಾ ಮಾಡಿದ್ವಿ ನೋಡ್ರವ್ವಾ!” ಎಂದು ಗೌರತ್ತೆ ನಕ್ಕಳು. ಅವ್ವ ನಗಲಿಲ್ಲ. ತಟ್ಟೆ ಕೆಳಗಿಟ್ಟು ಬಂದು ಸೆರಗಿನಿಂದ ಆ ಪರದೆಯನ್ನು ಮುಚ್ಚಿದಳು.

ಮಾಮಾ ಬ್ಯಾಟರಿ ಕಿತ್ತು ಮತ್ತೆ ಹಚ್ಚಿದ. ಹಾಕು ಎಂದ, ತೋರಿಸು ಎಂದ, ವಾಪಸ್ ತಾ ಎಂದ. ಪೆಟ್ಟಿಗೆ ಶಾಂತವಾಗಿ ಹೇಳಿತು: “ಚಿತ್ರಗಳನ್ನು ಮನುಷ್ಯರ ಸಾಕ್ಷಿಯಾಗಿ ತೋರಿಸಲು ಅವಕಾಶವಿಲ್ಲ.”

ಆಮೇಲೆ ಮಾಮಾ ಕೇಳಿ ತಿಳಿದದ್ದು ಇಷ್ಟು. ಸಭೆಗಳಲ್ಲಿ ಮುಖಂಡರ ಆಳೆತ್ತರದ ಫಲಕ ನಿಲ್ಲಿಸುತ್ತಾರೆ, ಗೋಡೆಯ ಮೇಲೆ ಹಿರಿಯರ ಫೋಟೋ ಇರುತ್ತದೆ. ಅವನ್ನೂ ಪೆಟ್ಟಿಗೆ ಮನುಷ್ಯರೆಂದು ಎಣಿಸಿಬಿಡುತ್ತಿತ್ತು. ಅಂಥ ಸುಳ್ಳು ಮೈಗಳನ್ನು ತೊಡೆದುಹಾಕಲು ಹಲಗೆ ಮಾಡಿದವರು ಒಂದು ಮಾತು ಕಲಿಸಿದ್ದರು, ‘ತೆಗೆ’. ಒಂದೊಂದು ಊರಲ್ಲೂ ಅದೇ ಫಲಕವನ್ನು ತೆಗೆಯುತ್ತ ಕೂರಬಾರದೆಂದು, ಒಂದು ಪೆಟ್ಟಿಗೆ ತೆಗೆದದ್ದನ್ನು ಎಲ್ಲ ಪೆಟ್ಟಿಗೆಗಳೂ ಫೋನುಗಳೂ ತೆಗೆಯುವಂತೆ ಮಾಡಿದ್ದರು. ಎಲ್ಲಾ ಕಡೆಯಿಂದ.

ಅದು ಗೊತ್ತಾದ ದಿನ ಮಾಮಾ ಊಟ ಮಾಡಲಿಲ್ಲ. ಅಂದಿನಿಂದ ಆ ಮಾತು ಅವನ ಬಾಯಿಂದ ಹೋಯಿತು. ಬಾಗಿಲು ಹಾಕಿದ್ದರೆ ‘ತೆಗಿ’ ಎನ್ನದೆ ಹೊರಗೆ ನಿಂತಿರುತ್ತಿದ್ದ, ನಾವೇ ನೋಡಿ ಅಗಳಿ ಸರಿಸಬೇಕು.

ಅಕ್ಕ ಬೇರೆ ಕಡೆಯೂ ಕಾಣುವುದಿಲ್ಲವೆಂದು ಮೊದಲು ತಿಳಿದದ್ದು ಬಸ್ಸಿನಲ್ಲಿ. ನಾನು ಹತ್ತಿದೆ, ಅಕ್ಕ ಮೆಟ್ಟಿಲ ಮೇಲೆ ಕಾಲಿಟ್ಟಳು, ಬಾಗಿಲು ಅವಳ ಮೈಮೇಲೇ ಮುಚ್ಚತೊಡಗಿತು. ಮೆಟ್ಟಿಲ ಮೇಲೆ ಯಾರೂ ಇಲ್ಲವೆಂದು ಅದಕ್ಕೆ ಕಂಡಿತ್ತು. ತೋಳು ಹಿಡಿದು ಒಳಗೆ ಎಳೆದುಕೊಂಡೆ. ಅಂಗನವಾಡಿಯಲ್ಲಿ ಬಸುರಿಯರಿಗೆ ಮೊಟ್ಟೆ ಕೊಡುವ ಕಿಂಡಿ ಅವಳ ಮುಂದೆ ತೆರೆಯಲಿಲ್ಲ, ‘ಮುಂದೆ ಯಾರೂ ಇಲ್ಲ’ ಎಂದಿತು. ಹಿಂದೆ ನಿಂತವಳು “ಮುಂದ ಯಾರಿಲ್ಲಲ್ಲ, ಸರೀರಿ” ಎಂದು ಯಂತ್ರದ ಮಾತನ್ನೇ ಆಡಿ, ಆಮೇಲೆ ಅಕ್ಕನ ಮುಖ ನೋಡಿ ನಾಲಗೆ ಕಚ್ಚಿಕೊಂಡಳು.

ಊರ ಚಿಕ್ಕ ದವಾಖಾನೆಯ ನರ್ಸಬಾಯಿ ಹಳೆಯ ಕಾಲದವಳು. ಕೈಯಿಂದ ಮುಟ್ಟಿ, ಕೊಳವೆ ಹಚ್ಚಿ ನೋಡಿದಳು.

“ಕೂಸಿನ ಎದಿ ಬಡಿತ ಚಲೋ ಐತವ್ವಾ. ಆದ್ರ ತಲಿ ಮ್ಯಾಲೈತಿ, ತಿರಿಗಿಲ್ಲ. ಹೆರಿಗಿ ದೊಡ್ಡ ಆಸ್ಪತ್ರ್ಯಾಗ ಆಗಬೇಕು. ಅಷ್ಟರಾಗ ಇದನ್ನ ಸರಿ ಮಾಡಿಸ್ಕೊಳ್ರಿ. ಅಲ್ಲಿ ನಾಲ್ಕು ಜನಕ್ಕ ಕಾಣದವರಿಗೆ ಹೆರಿಗಿ ಕೋಣಿ ಬಾಗಿಲಾನೇ ಸರಿಯೂದಿಲ್ಲ.”

“ನಿಮಗ ಕಾಣ್ತೀನಲ್ರಿ ನಾ?” ಎಂದಳು ಅಕ್ಕ.

“ಕಾಣ್ತಿ,” ಎಂದಳು ನರ್ಸಬಾಯಿ. ಅದನ್ನು ಎಲ್ಲಿಯೂ ಬರೆಯಲಿಲ್ಲ.

ಮಹಾಂತೇಶ ಫೋನು ಮಾಡಿದಾಗ ಅವನಿಗೆ ಕಂಡದ್ದು ಹಾಸಿಗೆ, ದಿಂಬು, ಗೋಡೆ. ಮೊದಲು ಚೇಷ್ಟೆ ಎಂದುಕೊಂಡ. “ಎಲ್ಲಿ ಅಡಗಿ ಕುಂತೀ, ಬಾ ಇತ್ತ,” ಎಂದು ನಗುತ್ತಿದ್ದವನು ಅವಳು ಇಲ್ಲೇ ಇದ್ದೇನೆ, ಇಲ್ಲೇ ಇದ್ದೇನೆ ಎನ್ನುತ್ತ ಹೋದ ಹಾಗೆ ದನಿ ಏರಿಸಿದ. ಕೊನೆಗೆ ಲಾರಿ ತಿರುಗಿಸಿ ಬರುತ್ತೇನೆಂದ. ಆಮೇಲೆ ಅಕ್ಕ ಕನ್ನಡಿಯ ಮುಂದೆ ನಿಲ್ಲುವುದು ಹೆಚ್ಚಾಯಿತು. ಕುಂಕುಮ ಇಡಲು ನಿಲ್ಲುತ್ತಿದ್ದಳು, ಇಟ್ಟ ಮೇಲೂ ನಿಂತಿರುತ್ತಿದ್ದಳು. ಓಣಿಯವರು ಮೊದಮೊದಲು ಬಂದು ತಮಾಷೆ ಮಾಡಿದರು. ನಂತರ ಬರಲಿಲ್ಲ. ಎದುರಿಗೆ ಸಿಕ್ಕರೆ ಅವಳ ಹೆಗಲಾಚೆಗೆ ನೋಡುತ್ತ ನನ್ನೊಡನೆ ಮಾತಾಡುವುದನ್ನು ರೂಢಿ ಮಾಡಿಕೊಂಡರು. ಗೌರತ್ತೆ ಸಹ, ಅಕ್ಕ ಪಕ್ಕದಲ್ಲೇ ನಿಂತಿದ್ದಾಗ, “ನಿಮ್ಮಕ್ಕ ಆರಾಮಿದ್ಲಲ್ಲ?” ಎಂದು ನನ್ನನ್ನು ಕೇಳಿದಳು. ‘ಇದ್ಲಲ್ಲ’ ಎಂದಳು. ಅಕ್ಕನೂ ಅದನ್ನು ಕೇಳಿಸಿಕೊಂಡಳು.

ಮಾಮಾ ನಮ್ಮನ್ನು ಜಿಲ್ಲೆಯ ನಿಯಂತ್ರಣ ಕೋಣೆಗೆ ಕರೆದುಕೊಂಡು ಹೋದ. ಅಲ್ಲಿ ಗೋಡೆಯ ತುಂಬ ಪರದೆಗಳು. ಮುಂದೆ ಒಬ್ಬನೇ ಅಧಿಕಾರಿ ಕೂತಿದ್ದ. ನಾಡಗೌಡ ಎಂದು ಹೆಸರು, ಎಳೆಯ ಮುಖ, ನಿದ್ದೆಗೆಟ್ಟ ಕಣ್ಣು. ಒಂದು ಪರದೆಯಲ್ಲಿ ನಾವು ನಿಂತಿದ್ದೆವು. ಮಾಮಾ ಒಂದು ಬದಿ, ನಾನು ಒಂದು ಬದಿ, ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಅವನು ಅದನ್ನು ನೋಡಿದ, ಆಮೇಲೆ ತಲೆಯೆತ್ತಿ ಅಕ್ಕನನ್ನು ನೋಡಿದ.

“ನನಗ ಕಾಣಸ್ತಾರ್ರಿ,” ಎಂದ. “ಆದ್ರ ನಾ ಒಬ್ಬಾಂವ. ಅರ್ಜಿ ಕೊಡುವವರು ನಾಲ್ಕು ಕಣ್ಣಿನ ಮುಂದ ನಿಂತು ಚಪ್ಪಾಳಿ ಹೊಡೀಬೇಕು, ಅದು ನಿಯಮ. ಹೊಡೀರಿ ನೋಡೂಣು.”

ಅಕ್ಕ ಚಪ್ಪಾಳೆ ಹೊಡೆದಳು. ಕೋಣೆಯಲ್ಲಿ ಸದ್ದು ಮೊಳಗಿತು. ಅದೇ ತೊಳೆದಿಟ್ಟ ದನಿ, “ಶಬ್ದಕ್ಕೆ ಆಕೃತಿ ಇಲ್ಲ,” ಎಂದಿತು. ಅಕ್ಕ ಮತ್ತೆ ಹೊಡೆದಳು, ಇನ್ನೂ ಜೋರಾಗಿ, ಬಳೆ ಒಡೆಯುವ ಹಾಗೆ. ನಾನು ತಡೆಯಲಾರದೆ ಅವಳ ಕೈ ಹಿಡಿದುಕೊಂಡೆ. ಪರದೆಯ ಮೇಲೆ ನನ್ನ ಕೈ ಮೊಣಕೈವರೆಗೆ ಕಾಣದಾಯಿತು, ನೋಡುತ್ತಿದ್ದಂತೆ ಅದು ಭುಜದತ್ತ ಏರತೊಡಗಿತು.

“ಬಿಡ್ರಿ, ಬಿಡ್ರಿ!” ನಾಡಗೌಡ ಎದ್ದೇ ನಿಂತ. “ಚಿತ್ರಕ್ಕ ಅಂಟಿದ್ದೆಲ್ಲಾ ಚಿತ್ರದ್ದ ಅಂತ ತಿಳಕೊಳ್ತೈತಿ ಅದು.”

ಬಿಟ್ಟೆ. ಕೈ ಮರಳಿ ಬಂತು.

“ಹಂಗಾರ ಇದನ್ನ ಸರಿ ಮಾಡವರು ಯಾರ್ರಿ ಸಾಹೇಬ್ರ?” ಎಂದ ಮಾಮಾ. “ತಪ್ಪು ನಂದು. ನನ್ನ ಹೆಸರ ಮ್ಯಾಲ ಹಾಕ್ರಿ, ನನ್ನ ಪೆಟಗಿ ಒಡದ ಹಾಕ್ರಿ.”

“ಮ್ಯಾಲೆ ಕಳಸ್ತೀನ್ರಿ.”

“ಮ್ಯಾಲೆ ಯಾರದಾರ?”

ಅವನು ಗೋಡೆಯ ಪರದೆಗಳತ್ತ ಕೈ ತೋರಿಸಿದ. “ಮ್ಯಾಲೂ ಪೆಟಗೀನ ಐತ್ರಿ.”

ಅವರು ಮಾತಾಡುತ್ತಿದ್ದಾಗ ನಾನು ಉಳಿದ ಪರದೆಗಳನ್ನು ನೋಡುತ್ತಿದ್ದೆ. ಒಂದು ಬಸ್‌ಸ್ಟ್ಯಾಂಡಿನಲ್ಲಿ ಜನ ಬರಿ ನೆಲದ ಒಂದು ಜಾಗವನ್ನು ಬಳಸಿಕೊಂಡು ನಡೆಯುತ್ತಿದ್ದರು, ಕಂಬವನ್ನು ಬಳಸಿ ಹೋಗುವ ಹಾಗೆ. ಒಂದು ಅಂಗಳದಲ್ಲಿ ಚಿಕ್ಕ ಹುಡುಗಿ ಗಾಳಿಗೆ ಕೈಯೊಡ್ಡಿ ಅಳುತ್ತಿದ್ದಳು, ಎತ್ತಿಕೋ ಎನ್ನುವ ಹಾಗೆ. ನೋಡುತ್ತಿದ್ದಂತೆ ಅವಳೂ ಇಲ್ಲವಾದಳು. ಯಾರೋ ಅವಳನ್ನು ಎತ್ತಿಕೊಂಡಿದ್ದರು. ಇಂಥ ಮನೆ ಎಷ್ಟಿದ್ದವೋ, ಎಷ್ಟು ಊರಲ್ಲಿ ಎಷ್ಟು ಮಾಮಂದಿರು ಚಂದ ಮಾಡಿ ತೆಗಿ ಎಂದಿದ್ದರೋ. ನಾನು ನೋಡುವುದನ್ನು ಕಂಡು ನಾಡಗೌಡ ಆ ಸಾಲಿನ ಪರದೆಗಳನ್ನು ಆರಿಸಿದ.

ಮೇಲಿನಿಂದ ಏನೂ ಬರಲಿಲ್ಲ. ಅವಧಿಗೆ ಮೊದಲೇ, ಒಂದು ಮಧ್ಯಾಹ್ನ, ಅಕ್ಕನಿಗೆ ನೋವು ಕಾಣಿಸಿತು. ಮಹಾಂತೇಶ ಇನ್ನೂ ದಾರಿಯಲ್ಲಿದ್ದ. ಮಾಮಾ ಪಕ್ಕದ ಮನೆಯ ಆಟೋ ಓಡಿಸಿದ. ದೊಡ್ಡ ಆಸ್ಪತ್ರೆಯ ಬಾಗಿಲು ಸರಿದು ನನ್ನನ್ನು ಬಿಟ್ಟುಕೊಂಡಿತು. ನಾನು ಹೊಸ್ತಿಲ ಮೇಲೆ ನಿಂತು ಅದು ಮುಚ್ಚದ ಹಾಗೆ ಮಾಡಿದೆ, ಅವ್ವ ಅಕ್ಕನನ್ನು ಅಪ್ಪಿಕೊಂಡು ಒಳಗೆ ದಾಟಿಸಿದಳು. ಗಂಡಸರಿಗೆ, ಬಸುರಿಯ ಜೊತೆ ಬಂದರೆ ಮಾತ್ರ ಬಾಗಿಲು ತೆರೆಯುತ್ತದೆ. ಬಸುರಿಯೇ ಕಾಣದೆ ಇದ್ದುದರಿಂದ, ಆಟೋ ನಿಲ್ಲಿಸಿ ಬಂದ ಮಾಮಾ ಗಾಜಿನ ಹೊರಗೇ ಉಳಿದ.

ವಾರ್ಡಿನಲ್ಲಿ ನರ್ಸುಗಳಿರಲಿಲ್ಲ. ಅವರೆಲ್ಲ ಬೇರೊಂದು ಕಟ್ಟಡದ ಕೋಣೆಯಲ್ಲಿ ಕೂತು ಎಲ್ಲ ವಾರ್ಡುಗಳನ್ನೂ ಪರದೆಯಲ್ಲಿ ನೋಡಿಕೊಳ್ಳುತ್ತಿದ್ದರು. ಮಂಚದ ಮೇಲೆ ಬಸುರಿಯೋ ಕೂಸೋ ಮಲಗಿದರೆ ತಲೆಯ ಮೇಲಿನ ದೀಪ ಹತ್ತುತ್ತದೆ, ದೀಪ ಹತ್ತಿದ ಮಂಚಕ್ಕೆ ಡಾಕ್ಟರು ಬರುತ್ತಾರೆ. ಅಕ್ಕನನ್ನು ಮಲಗಿಸಿದೆವು. ದೀಪ ಹತ್ತಲಿಲ್ಲ. ಮಂಚದ ಪಕ್ಕದ ಪರದೆಯಲ್ಲಿ ಚಾದರ ನೀಟಾಗಿ ಹಾಸಿಕೊಂಡಿತ್ತು.

ನೆಲ ಒರೆಸುತ್ತಿದ್ದ ಆಯಾ ಹುಸೇನಬಿ ಕೋಲು ಬಿಟ್ಟು ಓಡಿ ಬಂದಳು. ಹೊಟ್ಟೆ ಮುಟ್ಟಿ ನೋಡಿ, “ಯವ್ವಾ, ಕಾಲು ಮುಂದ ಮಾಡೇತಿ,” ಎಂದಳು.

“ಡಾಕ್ಟರಿಗೆ ಹೇಳ್ರಿ, ನಿಮ್ಮ ಕಣ್ಣಿಗಿ ಕಾಣಾಕತ್ತೇತಲ್ಲ,” ಎಂದಳು ಅವ್ವ.

“ನಾ ನೋಡಿದ್ರ ಏನಾತವ್ವಾ? ನಾ ಒಬ್ಬಾಕಿ. ನಾಲ್ಕು ಜನ ನೋಡಬೇಕಲ್ಲ.”

ನಾನು ಗೋಡೆಯ ಜಾಲರಿಯ ಹತ್ತಿರ ಹೋದೆ. ನನ್ನನ್ನು ಕಂಡು ಅದು ಮಾತಿಗೆ ತೆರೆದುಕೊಂಡಿತು. ಆ ಕಡೆಯ ನರ್ಸಿಗೆ ಹೇಳಿದೆ, ಬಾಗಿಲ ಕಡೆಯ ಮಂಚದಲ್ಲಿ ನಮ್ಮ ಅಕ್ಕ ಇದ್ದಾಳೆ, ಹೆರಿಗೆ ಆಗುತ್ತಿದೆ.

“ಆ ಮಂಚ ಖಾಲಿ ಐತಲ್ಲಮ್ಮಾ,” ಎಂದಿತು ದಣಿದ ದನಿ. “ಇಂಥಾ ಕರೆ ಇವತ್ತ ಭಾಳ ಬರಾಕತ್ತಾವು. ಪೇಶಂಟ್ ಇಲ್ದ ಒಳಗ ನಿಂದರಬ್ಯಾಡ್ರಿ, ಹೊರಗ ಹೋಗ್ರಿ.”

ಹಿಂದಿನಿಂದ ಅಕ್ಕ ಕಿರುಚಿದಳು. “ಕೇಳಿಸ್ತಿಲ್ರಿ?” ಎಂದೆ.

“ಕೇಳಿಸ್ತೈತಿ,” ಎಂದಳು ಅವಳು, ತಡೆದು. “ಪರದ್ಯಾಗ ಯಾರೂ ಇಲ್ಲಮ್ಮಾ.” ಜಾಲರಿ ಮುಚ್ಚಿತು.

ಹೆರಿಗೆ ಕೋಣೆಯ ಬಾಗಿಲು ನಮ್ಮೆದುರಿಗೇ ಇತ್ತು. ಅಕ್ಕನನ್ನು ಅಲ್ಲಿಗೆ ಎತ್ತಿಕೊಂಡು ಹೋದೆವು, ಅದು ಕದಲಲಿಲ್ಲ. ನಾನೊಬ್ಬಳೇ ನಿಂತರೂ ಕದಲಲಿಲ್ಲ, ನಾನು ಬಸುರಿಯಲ್ಲವಲ್ಲ. ಮತ್ತೆ ಮಂಚಕ್ಕೇ ತಂದೆವು. ಮುಂದಿನದನ್ನು ಹುಸೇನಬಿ ಮತ್ತು ಅವ್ವ ಮಾಡಿದರು. ಅಕ್ಕ ನನ್ನ ಕೈ ಹಿಡಿದಿದ್ದಳು. ಪಕ್ಕದ ಪರದೆಯಲ್ಲಿ ನಾವು ಮೂವರೂ ಇರಲಿಲ್ಲ, ಅವಳನ್ನು ಮುಟ್ಟಿದವರು ಯಾರೂ ಇರಲಿಲ್ಲ. ಅಷ್ಟು ಕೂಗು, ಅಷ್ಟು ರಕ್ತ, ಅಷ್ಟು ದೇವರ ಹೆಸರು, ಪರದೆಯಲ್ಲಿ ಬಿಳಿ ಚಾದರ ಒಂದು ಸುಕ್ಕಿಲ್ಲದೆ ಹಾಸಿಕೊಂಡಿತ್ತು.

ಕೂಸು ಹುಟ್ಟಿತು. ಮೊದಲು ಅಳಲಿಲ್ಲ. ಹುಸೇನಬಿ ಬೆನ್ನು ತಟ್ಟಿದಳು, ಆಮೇಲೆ ಅತ್ತಿತು. “ಹೆಣ್ಣು,” ಎಂದು ಅವ್ವ ಅಳುತ್ತ ನಕ್ಕಳು. ಹುಸೇನಬಿ ದಾರ ಕಟ್ಟಿ ಹೊಕ್ಕುಳಬಳ್ಳಿ ಕತ್ತರಿಸಿ, ಕೂಸನ್ನು ಅರಿವೆಯಲ್ಲಿ ಸುತ್ತಿ, ಕೈ ತೊಳೆಯಲು ಮಗ್ಗುಲಿನ ಖಾಲಿ ಮಂಚದ ಮೇಲೆ ಇಟ್ಟಳು.

ಆ ಮಂಚದ ದೀಪ ಹತ್ತಿತು.

“ಒಂದು ಆಕೃತಿ. ದೃಢಪಟ್ಟಿದೆ,” ಎಂದಿತು ದನಿ. “ನವಜಾತ ಶಿಶು. ವಾರಸುದಾರರು ಇಲ್ಲ.”

ಅಷ್ಟು ಹೊತ್ತು ಬಡಿದರೂ ಅಲುಗದ ಬಾಗಿಲುಗಳೆಲ್ಲ ಒಮ್ಮೆಲೇ ಸರಿದವು. ನೀಲಿ ಅಂಗಿಯ ಇಬ್ಬರು ಗಾಜಿನ ತೊಟ್ಟಿಲಿನ ಗಾಡಿ ತಳ್ಳಿಕೊಂಡು ಬಂದರು, ಒಬ್ಬ ಗಂಡಸು, ಒಬ್ಬಳು ನನ್ನದೇ ವಯಸ್ಸಿನವಳು. ಅವನು ಕೂಸನ್ನು ಎತ್ತಿ ತೊಟ್ಟಿಲಲ್ಲಿಟ್ಟ. ಕೈ ಹಗುರವಾಗಿತ್ತು, ತಲೆಗೆ ಬಟ್ಟೆ ಸರಿ ಮಾಡಿದ.

“ಎಲ್ಲಿಗಿ ಒಯ್ತೀರೋ ಅದನ್ನ?” ಅವ್ವ ಗಾಡಿ ಹಿಡಿದಳು. “ನಾನದೀನಿ, ಅದರ ಅಜ್ಜಿ!”

ಅವನು ಕೈಯಲ್ಲಿದ್ದ ಪರದೆ ನೋಡಿದ. “ಸರಕಾರಿ ಶಿಶುಮನಿಗಿ ಬೇ. ವಾರಸುದಾರರು ಇಲ್ಲ ಅಂತ ಬಂದೈತಿ. ತಾಯಿ ಇಲ್ದ ನೀವು ಅಜ್ಜಿ ಹೆಂಗಾಗ್ತೀರಿ?”

“ಅಲ್ಲೇ ಮಕ್ಕೊಂಡಾಳಲ್ಲೋ ತಾಯಿ! ಕಣ್ಣಿಲ್ಲೇನೋ ನಿನಗ?”

ಅವನು ನೋಡಲಿಲ್ಲ. ಹುಡುಗಿ ನೋಡಿದಳು. ಅಕ್ಕ ಒಂದು ಕೈ ಎತ್ತಿ ಚಾಚಿದ್ದಳು, ಕಾಲ ಬುಡದ ಚಾದರ ಒದ್ದೆಯಾಗುತ್ತಲೇ ಇತ್ತು. ಆ ಹುಡುಗಿಯ ಕಣ್ಣು ಅಕ್ಕನ ಮುಖದ ಮೇಲೆ ನಿಂತದ್ದನ್ನು ನಾನು ಕಂಡೆ. ಅವಳ ತುಟಿ ತೆರೆಯಿತು. ನಂತರ ಅವಳೂ ಪರದೆಯ ಕಡೆಗೆ ತಿರುಗಿದಳು, ಅಲ್ಲಿ ಮಂಚ ಖಾಲಿ ಇತ್ತು. ಅವಳ ಮುಖದಲ್ಲಿ ನೆಮ್ಮದಿಯಂಥದ್ದು ಒಂದು ಬಂದು ಕೂತಿತು. ಗಾಜಿನಾಚೆ ಮಾಮಾ ಎರಡೂ ಅಂಗೈಯಿಂದ ಬಾಗಿಲು ಬಡಿಯುತ್ತಿದ್ದ. ಗಾಡಿಯ ಚಕ್ರ ತಿರುಗಿತು.

ಹುಸೇನಬಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಅಕ್ಕನ ಕೈಯನ್ನು ಬಿಡದೆ, ಪಕ್ಕದ ಪರದೆಯಲ್ಲಿ ನಾನೂ ಇಲ್ಲದ್ದನ್ನು ನೋಡಿ, ವಾರ್ಡಿಗೆಲ್ಲ ಕೇಳುವ ಹಾಗೆ ಹೇಳಿದೆ:

“ಒಯ್ಯೂದಕ್ಕ ಮೊದಲ ಒಂದ್ಸಲ ಅಕಿ ಎದಿ ಮ್ಯಾಲ ಇಡ್ರಿ.”